10ಜಿ ಹಾಕಿದ್ರೂ ಎನ್‌ಎಫ್‌ಎಸ್ ರೀಡ್ 240 ಎಂಬಿ ದಾಟ್ತಿಲ್ಲ, ಎಲ್ಲಿ ಸಿಕ್ಕಾಕ್ಕೊಂಡಿದೆ?

ರೆಂಡರ್_ರಾಜಣ್ಣ · ಭಾನುವಾರ ರಾತ್ರಿ 11:42

ನಮಸ್ಕಾರ ಎಲ್ರಿಗೂ. ತುಂಬ ದಿನದಿಂದ ಇಲ್ಲಿ ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಇವತ್ತು ತಲೆ ಕೆಟ್ಟು ಬರೀತಿದೀನಿ.

ಮೈಸೂರಲ್ಲಿ ನಂದೊಂದು ಸಣ್ಣ ಎಡಿಟಿಂಗ್ ರೂಮು. ಮದುವೆ, ಗೃಹಪ್ರವೇಶ, ನಡುನಡುವೆ ಒಂದೆರಡು ಡಾಕ್ಯುಮೆಂಟರಿ. ನಾಲ್ಕು ಕ್ಯಾಮೆರಾ ಒಟ್ಟಿಗೆ ಹಾಕಿ ಮಲ್ಟಿಕ್ಯಾಮ್ ಎಡಿಟ್ ಮಾಡ್ತೀವಿ, ಎಲ್ಲ 4ಕೆ ಪ್ರೊರೆಸ್ 422 ಎಚ್‌ಕ್ಯೂ, ಅಂದ್ರೆ ಒಂದು ಸ್ಟ್ರೀಮಿಗೆ ಸೆಕೆಂಡಿಗೆ 90 ಎಂಬಿ ಚಿಲ್ಲರೆ, ನಾಲ್ಕಕ್ಕೆ 370ರ ಹತ್ರ. ಮೊದ್ಲು ಒಂದು ಗಿಗಾಬಿಟ್ ಲೈನಲ್ಲಿ 110 ಎಂಬಿ ಬರ್ತಿತ್ತು, ಒಂದು ಕ್ಯಾಮೆರಾ ಪ್ಲೇ ಆಗ್ತಿದ್ರೆ ಎರಡನೇದು ತೊದಲ್ತಿತ್ತು. ಅದಕ್ಕೆ ದುಡ್ಡು ಹೊಂದಿಸ್ಕೊಂಡು ಬೆಂಗಳೂರಿಗೆ ಹೋಗಿ ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡು (ಇಂಟೆಲ್ ಎಕ್ಸ್520) ಮೂರು, ಅದಕ್ಕೆ ಹಾಕೋ ಡಿಎಸಿ ಕೇಬಲ್ಲು ಮೂರು, ನಾಲ್ಕು ಪೋರ್ಟಿನ ಒಂದು ಹಳೇ ಸ್ವಿಚ್ಚು, ಎಲ್ಲ ತಂದೆ.

ಸರ್ವರ್ ಅಂದ್ರೆ ಹಳೇ ಡೆಸ್ಕ್‌ಟಾಪೇ. ಅದ್ರ ಫೋಲ್ಡರನ್ನ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೇಲೆ ಫೈಲ್ ಹಂಚೋ ವ್ಯವಸ್ಥೆ) ಮೂಲಕ ಎಡಿಟಿಂಗ್ ಮಷಿನಲ್ಲಿ ಮೌಂಟ್ ಮಾಡ್ಕೊಂಡಿದೀವಿ. ಆರು 8 ಟಿಬಿ ಹಾರ್ಡ್‌ಡಿಸ್ಕು ರೇಡ್‌ಜೆಡ್2ನಲ್ಲಿ (ಜೆಡ್‌ಎಫ್‌ಎಸ್ ಫೈಲ್‌ಸಿಸ್ಟಮ್ಮು, ಎರಡು ಡಿಸ್ಕ್ ಕೆಟ್ರೂ ಡೇಟಾ ಉಳಿಯತ್ತೆ), 32 ಜಿಬಿ ರ‍್ಯಾಮು, ಡೆಬಿಯನ್ 12. ಎಡಿಟಿಂಗ್ ಮಷಿನ್ ಎರಡೂ ಉಬುಂಟು 22.04.

ಈಗ ಕಥೆ ಏನಂದ್ರೆ ಬರೆಯೋವಾಗ 310 ಎಂಬಿ, ಓದೋವಾಗ 240. ಅಷ್ಟೇ. ಹೆಂಡ್ತಿ "ಇಷ್ಟು ಖರ್ಚು ಮಾಡಿದ್ರಲ್ಲ, ಏನ್ ಫಾಸ್ಟ್ ಆಯ್ತು" ಅಂತ ಕೇಳ್ತಾಳೆ, ನಾನು ಸುಮ್ನೆ ಕೇಬಲ್ ನೋಡ್ಕೊಂಡು ಕೂತಿರ್ತೀನಿ. ಎಲ್ಲಿಂದ ಶುರು ಮಾಡ್ಲಿ ಹೇಳಿ.

---

ಸ್ಪೀಡ್_ಸೀನ · ಭಾನುವಾರ ರಾತ್ರಿ 11:58

ಗುರು ಸಿಂಪಲ್ಲು. ಡೀಫಾಲ್ಟ್ ಟಿಸಿಪಿ ಬಫರ್ (ನೆಟ್‌ವರ್ಕ್ ಡೇಟಾ ಹಿಡಿದಿಡೋ ಜಾಗ) ಎಲ್ಲ ಒಂದು ಗಿಗಾಬಿಟ್ ಕಾಲದ್ದು. ಸಿಸ್‌ಕಂಟ್ರೋಲ್ ಅನ್ನೋ ಕರ್ನಲ್ ಸೆಟ್ಟಿಂಗ್ ಫೈಲಲ್ಲಿ ಆರ್‌ಮೆಮ್ ಮ್ಯಾಕ್ಸ್, ಡಬ್ಲ್ಯೂಮೆಮ್ ಮ್ಯಾಕ್ಸ್ ಎರಡೂ 67108864 ಮಾಡು, ಎಂಟಿಯು (ಒಂದು ಪ್ಯಾಕೆಟಿನ ಗರಿಷ್ಠ ಸೈಜು) 9000 ಮಾಡು, ಕ್ಲೈಂಟ್ ಕಡೆ ಮೌಂಟಲ್ಲಿ ಎನ್‌ಕನೆಕ್ಟ್ 16 (ಹದಿನಾರು ಕನೆಕ್ಷನ್) ಹಾಕು, ಸರ್ವರ್ ಕಡೆ ಎಕ್ಸ್‌ಪೋರ್ಟಲ್ಲಿ ಎಸಿಂಕ್ (ಡಿಸ್ಕಿಗೆ ಹೋಗೋ ಮೊದ್ಲೇ ಆಯ್ತು ಅನ್ನೋದು) ಹಾಕು. ರಾಕೆಟ್ ಆಗತ್ತೆ. ನಾನು ಎಲ್ಲಾ ಕಡೆ ಇದನ್ನೇ ಹಾಕೋದು.

---

ಸರ್ವರ್_ಸುಬ್ಬಕ್ಕ · ಸೋಮವಾರ ಬೆಳಿಗ್ಗೆ 6:20

ಸೀನ, ನಿಂದು ಎಲ್ಲಾ ಜ್ವರಕ್ಕೂ ಒಂದೇ ಮಾತ್ರೆ ಕಣೋ. ಮೊದ್ಲು ಎಲ್ಲಿ ನೋವು ಅಂತ ಕೇಳೋಣ.

ಬಫರ್ ವಿಷಯ ಇಲ್ಲೇ ಮುಗಿಸ್ತೀನಿ. ಒಂದೇ ರೂಮಲ್ಲಿ ಪಿಂಗ್ 0.2 ಮಿಲಿಸೆಕೆಂಡ್ ಇರತ್ತೆ ಅಂತಿಟ್ಕೊಳ್ಳಿ. 10 ಗಿಗಾಬಿಟ್ ಗುಣಿಸು 0.2 ಮಿಲಿಸೆಕೆಂಡ್ ಅಂದ್ರೆ 250 ಕೆಬಿ. ಯಾವುದೇ ಹೊತ್ತಲ್ಲಿ ವೈರಿನ ಮೇಲೆ ಇರೋ ಡೇಟಾ ಅಷ್ಟೇ. ಲಿನಕ್ಸ್ ತಾನಾಗೇ ರಿಸೀವ್ ಬಫರನ್ನ 6 ಎಂಬಿ ತನಕ ಬೆಳೆಸ್ಕೊಳತ್ತೆ. 250 ಕೆಬಿ ಬೇಕಿರೋ ಕಡೆ 6 ಎಂಬಿನ 64 ಎಂಬಿ ಮಾಡಿದ್ರೆ ಏನೂ ಕೆಡಲ್ಲ, ಏನೂ ಆಗೋದೂ ಇಲ್ಲ. ಆ ರೆಸಿಪಿ ಸಮುದ್ರ ದಾಟೋ ಲಿಂಕಿನವರು ಬರ್ಕೊಂಡಿದ್ದು, ಬ್ಲಾಗಿಂದ ಬ್ಲಾಗಿಗೆ ಓಡಾಡ್ತಿದೆ.

ರಾಜಣ್ಣ, ನೀವು ಮೂರು ವಿಷಯ ಬೇರೆಬೇರೆಯಾಗಿ ಅಳೆದು ಹಾಕಿ.

ಒಂದು, ಸರ್ವರಲ್ಲೇ ಕೂತು, ನೆಟ್‌ವರ್ಕ್ ಇಲ್ದೆ, ಡಿಸ್ಕ್ ಎಷ್ಟು ಕೊಡತ್ತೆ. ದಯವಿಟ್ಟು ಡಿಡಿ ಕಮಾಂಡಲ್ಲಿ ಬರೀ ಸೊನ್ನೆ ಬರೆದು ನೋಡ್ಬೇಡಿ, ಜೆಡ್‌ಎಫ್‌ಎಸ್‌ನಲ್ಲಿ ಕಂಪ್ರೆಷನ್ ಆನ್ ಇದ್ರೆ ಸೊನ್ನೆ ಎಲ್ಲ ಮಾಯ ಆಗಿ ಡಿಸ್ಕಿಗೆ ಏನೂ ಹೋಗಿರಲ್ಲ, ನಿಮಗೆ 4 ಜಿಬಿ ಸ್ಪೀಡು ಅಂತ ತೋರಿಸಿ ಖುಷಿ ಪಡಿಸತ್ತೆ ಅಷ್ಟೇ. ನಿಜವಾದ ವಿಡಿಯೋ ಫೈಲ್ ತಗೊಳ್ಳಿ, ರ‍್ಯಾಮ್ 32 ಇದೆ ಅಂದ್ರೆ ಫೈಲು 60 ಜಿಬಿ ಮೇಲಿರ್ಲಿ, ಇಲ್ಲಾಂದ್ರೆ ನೀವು ಅಳೀತಿರೋದು ರ‍್ಯಾಮನ್ನ.

ಎರಡು, ಡಿಸ್ಕ್ ಇಲ್ದೆ ಬರೀ ವೈರು. ಐಪರ್ಫ್3 ಅಂತ ನೆಟ್‌ವರ್ಕ್ ಸ್ಪೀಡ್ ಅಳೆಯೋ ಟೂಲು, ಎರಡೂ ದಿಕ್ಕಿಗೆ, ಮೊದ್ಲು ಒಂದು ಸ್ಟ್ರೀಮು, ಆಮೇಲೆ ನಾಲ್ಕು.

ಮೂರು, ಎನ್‌ಎಫ್‌ಎಸ್‌ಸ್ಟ್ಯಾಟ್ ಹೈಫನ್ ಎಮ್ ಏನು ಹೇಳತ್ತೆ. ನೀವು ಎಫ್‌ಎಸ್‌ಟ್ಯಾಬಲ್ಲಿ (ಮೌಂಟ್ ಸೆಟ್ಟಿಂಗ್ ಇರೋ ಫೈಲು) ಬರೆದಿದ್ದು ಬೇಡ, ಕೊನೆಗೆ ಇಬ್ರೂ ಒಪ್ಕೊಂಡಿದ್ದು ಏನು ಅನ್ನೋದು ಬೇಕು.

---

ಹೊಸಬ_2023 · ಸೋಮವಾರ ಬೆಳಿಗ್ಗೆ 8:05

ಫಾಲೋಯಿಂಗ್. ನಂದೂ ಇದೇ ಗೋಳು, ಆದ್ರೆ ಫೋಟೋ.

---

ರೆಂಡರ್_ರಾಜಣ್ಣ · ಸೋಮವಾರ ರಾತ್ರಿ 10:15

ಅಕ್ಕ, ಮೊಬೈಲಲ್ಲಿ ಟೈಪ್ ಮಾಡ್ತಿದೀನಿ, ಕಮಾಂಡೂ ಕನ್ನಡದಲ್ಲೇ ಬರತ್ತೆ, ಅಡ್ಜಸ್ಟ್ ಮಾಡ್ಕೊಳ್ಳಿ.

ಡಿಸ್ಕು: ಓದೋದು 620 ಎಂಬಿ, ಬರೆಯೋದು 540. ಪರವಾಗಿಲ್ಲ ಅಲ್ವಾ?

ಐಪರ್ಫ್: ಒಂದು ಸ್ಟ್ರೀಮು 3.2 ಗಿಗಾಬಿಟ್. ನಾಲ್ಕು ಸ್ಟ್ರೀಮು ಹಾಕಿದ್ರೂ ಒಟ್ಟು 3.2. ಉಲ್ಟಾ ದಿಕ್ಕಿಗೂ 3.2. ಕೇಬಲ್ ಬದಲಾಯಿಸಿದೆ, 3.2. ಇನ್ನೊಂದು ಎಡಿಟಿಂಗ್ ಮಷಿನಿಂದ ಸರ್ವರಿಗೆ, 3.2. ಎಡಿಟಿಂಗ್ ಮಷಿನ್ ಎರಡರ ಮಧ್ಯೆ ಮಾತ್ರ 9.4 ಬಂತು.

ಮೌಂಟು: ವರ್ಷನ್ 4.2, ಆರ್‌ಸೈಜ್ 32768, ಡಬ್ಲ್ಯೂಸೈಜ್ 32768, ಸಾಫ್ಟ್. ಎಫ್‌ಎಸ್‌ಟ್ಯಾಬಲ್ಲಿ ಇಂಟರ್ ಅಂತಾನೂ ಇದೆ. ಯಾವ್ದೋ ಬ್ಲಾಗ್ ನೋಡಿ ಹಾಕಿದ್ದೆ, ಯಾವ ಕಾಲದ್ದೋ ಗೊತ್ತಿಲ್ಲ.

---

ಕುಡ್ಲ_ಕರ್ನಲ್ · ಸೋಮವಾರ ರಾತ್ರಿ 10:31

ಎಡಿಟಿಂಗ್ ಮಷಿನ್ ಎರಡರ ಮಧ್ಯೆ 9.4 ಬರ್ತದೆ ಅಂದ್ರೆ ಸ್ವಿಚ್ಚು ಸರಿ ಉಂಟು, ಆ ಎರಡು ಕಾರ್ಡೂ ಸರಿ ಉಂಟು. ಸರ್ವರಿನ ಕಾರ್ಡಿಗೆ ಏನೋ ಆಗಿದೆ. ಮತ್ತೆ ನೋಡಿ, ಎಷ್ಟು ಸ್ಟ್ರೀಮ್ ಹಾಕಿದ್ರೂ, ಯಾವ ದಿಕ್ಕಿಗೆ ಹಾಕಿದ್ರೂ ಒಂದೇ ನಂಬರು. ಸಿಪಿಯು ಸಾಲದೆ ಹೋದ್ರೆ ನಂಬರು ಹಾಗೆ ನಿಲ್ಲುದಿಲ್ಲ ಮಾರಾಯ್ರೆ, ಮೇಲೆ ಕೆಳಗೆ ಆಡ್ತದೆ, ನಾಲ್ಕು ಸ್ಟ್ರೀಮಿಗೆ ಸ್ವಲ್ಪ ಏರ್ತದೆ. ಇದು ಗೋಡೆ.

ಸರ್ವರಲ್ಲಿ ಎಲ್‌ಎಸ್‌ಪಿಸಿಐ ಹೈಫನ್ ವಿವಿ ಹಾಕಿ, ರೂಟ್ ಆಗಿ ಹಾಕಿ, ಇಲ್ಲಾಂದ್ರೆ ಪೂರ್ತಿ ತೋರಿಸುದಿಲ್ಲ. ಕಾರ್ಡಿನ ಕೆಳಗೆ ಲಿಂಕ್ ಕೇಪಬಿಲಿಟಿ ಅಂತ ಒಂದು ಸಾಲು, ಲಿಂಕ್ ಸ್ಟೇಟಸ್ ಅಂತ ಇನ್ನೊಂದು ಸಾಲು ಉಂಟು. ಎರಡರಲ್ಲೂ ವಿಡ್ತ್ ಎಷ್ಟು ಅಂತ ನೋಡಿ.

---

ರೆಂಡರ್_ರಾಜಣ್ಣ · ಸೋಮವಾರ ರಾತ್ರಿ 10:44

ಕೇಪಬಿಲಿಟಿ: 5 ಜಿಟಿ, ಎಕ್ಸ್8.
ಸ್ಟೇಟಸ್: 5 ಜಿಟಿ, ಎಕ್ಸ್1. ಪಕ್ಕದಲ್ಲಿ ಬ್ರ್ಯಾಕೆಟಲ್ಲಿ ಡೌನ್‌ಗ್ರೇಡೆಡ್ ಅಂತ ಬರೆದಿದೆ.

ಅಯ್ಯೋ.

---

ಕುಡ್ಲ_ಕರ್ನಲ್ · ಸೋಮವಾರ ರಾತ್ರಿ 10:52

ಸಿಕ್ಕಿತಲ್ಲ. ಎಕ್ಸ್520 ಪಿಸಿಐಇ 2.0 ಕಾಲದ ಕಾರ್ಡು, ಎಂಟು ಲೇನ್ (ಸ್ಲಾಟಿನಲ್ಲಿ ಡೇಟಾ ಹೋಗುವ ದಾರಿ) ಕೇಳ್ತದೆ. ನಿಮ್ಮದು ಒಂದೇ ಲೇನಲ್ಲಿ ಓಡ್ತಾ ಉಂಟು. 5 ಜಿಟಿ ಅಂದ್ರೆ 5 ಗಿಗಾಬಿಟ್ ಪೂರ್ತಿ ಸಿಗುದಿಲ್ಲ, ಆ ಕಾಲದ ಎನ್‌ಕೋಡಿಂಗಲ್ಲಿ 8 ಬಿಟ್ ಕಳಿಸ್ಲಿಕ್ಕೆ 10 ಬಿಟ್ ಖರ್ಚು, ಹಾಗಾಗಿ ಉಳಿಯುವುದು 4 ಗಿಗಾಬಿಟ್. ಅದರಲ್ಲಿ ಪಿಸಿಐಇ ಪ್ಯಾಕೆಟಿನ ತಲೆ ಬಾಲ ಕಳೆದ್ರೆ 3.2 ಆಸುಪಾಸು. ನಿಮ್ಮ ನಂಬರು ಕರೆಕ್ಟಾಗಿ ಅಲ್ಲೇ ಕೂತಿದೆ.

ಸ್ಲಾಟು ಉದ್ದ ಉಂಟು ಅಂತ ನಂಬ್ಬೇಡಿ. ಹೊರಗಿನಿಂದ ಎಕ್ಸ್16 ಉದ್ದ, ಒಳಗೆ ಒಂದೇ ಲೇನಿನ ಪಿನ್ನು, ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ಇದು ಮಾಮೂಲು. ಕೆಲವು ಕಡೆ ಎಂ.2 ಸ್ಲಾಟಿಗೆ ಎಸ್‌ಎಸ್‌ಡಿ ಹಾಕಿದ್ರೂ ಪಕ್ಕದ ಸ್ಲಾಟಿನ ಲೇನ್ ಕಡಿಮೆ ಆಗ್ತದೆ. ಬೋರ್ಡಿನ ಪುಸ್ತಕದಲ್ಲಿ ಬರೆದಿರ್ತಾರೆ, ನಾವು ಓದುದಿಲ್ಲ ಅಷ್ಟೆ.

---

ರೆಂಡರ್_ರಾಜಣ್ಣ · ಮಂಗಳವಾರ ಬೆಳಿಗ್ಗೆ 7:30

ರಾತ್ರಿನೇ ಬಿಚ್ಚಿದೆ, ನಿದ್ದೆ ಬರ್ಲಿಲ್ಲ. ಮೊಬೈಲ್ ಟಾರ್ಚ್ ಹಾಕಿ ಸ್ಲಾಟ್ ಒಳಗೆ ಇಣುಕಿ ನೋಡಿದ್ರೆ ಹಿತ್ತಾಳೆ ಬಣ್ಣದ ಪಿನ್ನು ಶುರುವಲ್ಲಿ ಸ್ವಲ್ಪ ಇದೆ, ಆಮೇಲೆ ಪೂರ್ತಿ ಖಾಲಿ ಪ್ಲಾಸ್ಟಿಕ್ಕು, ಬಾಯಿ ಬಿಟ್ಕೊಂಡು ಕೂತಿದೆ. ಮೇಲಿನ ನಿಜವಾದ ಎಕ್ಸ್16 ಸ್ಲಾಟಲ್ಲಿ ಒಂದು ಹಳೇ ಗ್ರಾಫಿಕ್ಸ್ ಕಾರ್ಡು, ಡೆಬಿಯನ್ ಇನ್‌ಸ್ಟಾಲ್ ಮಾಡೋವಾಗ ಮಾನಿಟರ್ ಬೇಕು ಅಂತ ಹಾಕಿದ್ದು, ಆಮೇಲೆ ತೆಗೆಯೋದೇ ಮರೆತಿದ್ದೆ. ಒಂದು ವರ್ಷದಿಂದ ಏನೂ ಮಾಡ್ದೆ ಫ್ಯಾನ್ ತಿರುಗಿಸ್ಕೊಂಡು ಕೂತಿತ್ತು ಮಹಾರಾಯ. ಅದನ್ನ ಕಿತ್ತು ನೆಟ್‌ವರ್ಕ್ ಕಾರ್ಡ್ ಅಲ್ಲಿ ಹಾಕ್ದೆ.

ಐಪರ್ಫ್ 9.41 ಗಿಗಾಬಿಟ್!!

ಆದ್ರೆ... ಎನ್‌ಎಫ್‌ಎಸ್ ಬರೆಯೋದು 500ಕ್ಕೆ ಏರ್ತು, ಓದೋದು ಮಾತ್ರ 260. ಡಿಸ್ಕ್ 620 ಕೊಡ್ತಿರೋವಾಗ ಓದೋದು ಯಾಕೆ ಬರೆಯೋದಕ್ಕಿಂತ ನಿಧಾನ? ಇದು ಯಾವ ನ್ಯಾಯ?

---

ಸರ್ವರ್_ಸುಬ್ಬಕ್ಕ · ಮಂಗಳವಾರ ಬೆಳಿಗ್ಗೆ 9:10

9.41 ಬಂತು ಅಂದ್ರೆ ವೈರಿನ ಕೆಲಸ ಮುಗೀತು. ಎಂಟಿಯು 1500ರಲ್ಲಿ ಅದಕ್ಕಿಂತ ಮೇಲೆ ಬರಲ್ಲ, ಪ್ರತಿ ಪ್ಯಾಕೆಟಿನ ಹೆಡರು, ಮಧ್ಯದ ಗ್ಯಾಪು ಎಲ್ಲ ಸೇರಿ 1538 ಬೈಟ್ ಹೋಗತ್ತೆ, ಅದ್ರಲ್ಲಿ ನಿಮ್ಮ ಡೇಟಾ 1448.

ಈಗ ಎಫ್‌ಎಸ್‌ಟ್ಯಾಬ್ ಗುಡಿಸಿ. ಆರ್‌ಸೈಜ್, ಡಬ್ಲ್ಯೂಸೈಜ್ (ಒಂದು ಸಲಕ್ಕೆ ಎಷ್ಟು ಬೈಟ್ ಓದೋದು, ಬರೆಯೋದು ಅನ್ನೋ ಮಿತಿ) ಎರಡೂ ಅಳಿಸಿಬಿಡಿ. ಏನೂ ಬರೀದೆ ಬಿಟ್ರೆ ಕ್ಲೈಂಟು ಸರ್ವರು ಮಾತಾಡ್ಕೊಂಡು 1048576ಕ್ಕೆ, ಅಂದ್ರೆ 1 ಎಂಬಿಗೆ ಒಪ್ಕೋತಾರೆ. ನೀವು ಕೈಯಾರೆ 32 ಕೆಬಿಗೆ ಇಳಿಸಿದೀರಿ. ಇಂಟರ್ ಅನ್ನೋದನ್ನ ಕರ್ನಲ್ಲು 2.6.25ರಿಂದ ಕಿವಿಗೇ ಹಾಕ್ಕೊಳಲ್ಲ, ಅದೂ ಹೋಗ್ಲಿ. ಸಾಫ್ಟ್ ಮಾತ್ರ ಇವತ್ತೇ ತೆಗೀರಿ. ಸಾಫ್ಟ್ ಅಂದ್ರೆ ಸರ್ವರು ಸ್ವಲ್ಪ ಹೊತ್ತು ಉತ್ತರ ಕೊಡ್ಲಿಲ್ಲ ಅಂದ್ರೆ ಕ್ಲೈಂಟು ಕೈಚೆಲ್ಲಿ ಎರರ್ ಕೊಡತ್ತೆ, ಆ ಎರರನ್ನ ನಿಮ್ಮ ಎಡಿಟಿಂಗ್ ಸಾಫ್ಟ್‌ವೇರ್ ಸರಿಯಾಗಿ ನೋಡ್ಕೊಳ್ದೆ ಹೋದ್ರೆ ಅರ್ಧ ಬರೆದ ಫೈಲು ಉಳಿಯತ್ತೆ. ಹಾರ್ಡ್ ಇದ್ರೆ ಕರೆಂಟ್ ಬರೋ ತನಕ ಸುಮ್ನೆ ಕಾಯತ್ತೆ, ಬಂದ್ಮೇಲೆ ಮುಂದುವರಿಯತ್ತೆ. ಡೀಫಾಲ್ಟ್ ಹಾರ್ಡೇ.

ಸರ್ವರಲ್ಲಿ ಎನ್‌ಎಫ್‌ಎಸ್‌ಡಿ ಥ್ರೆಡ್ (ಕ್ಲೈಂಟ್ ಕೇಳಿದ್ದನ್ನ ನೋಡ್ಕೊಳ್ಳೋ ಕೆಲಸಗಾರರು) ಎಷ್ಟಿದೆ ನೋಡಿ, 8 ಇದ್ರೆ ಎನ್‌ಎಫ್‌ಎಸ್ ಡಾಟ್ ಕಾನ್ಫ್‌ನಲ್ಲಿ 32 ಮಾಡಿ. ಎರಡು ಕ್ಲೈಂಟಿಗೆ ದೊಡ್ಡ ವ್ಯತ್ಯಾಸ ಆಗಲ್ಲ, ಆದ್ರೆ ಡಿಸ್ಕ್ ಕಾಯ್ತಾ ಎಂಟೂ ಥ್ರೆಡ್ ನಿಂತ್ಬಿಟ್ರೆ ಒಂಬತ್ತನೇದಕ್ಕೆ ಯಾರೂ ಇರಲ್ಲ. (ಹಳೇ ಬ್ಲಾಗಲ್ಲಿ ಪ್ರಾಕ್ ಫೈಲಿನ ಟಿಎಚ್ ಸಾಲು ನೋಡಿ ಥ್ರೆಡ್ ಸಾಕಾ ಬೇಕಾ ಅಂತ ತಿಳ್ಕೊಳ್ಳಿ ಅಂತ ಬರೆದಿರ್ತಾರೆ. ಆ ಸಾಲಲ್ಲಿ ತುಂಬ ವರ್ಷದಿಂದ ಬರೀ ಸೊನ್ನೆನೇ ಬರೋದು, ನೋಡಿ ಸಮಾಧಾನ ಪಟ್ಕೋಬೇಡಿ.)

---

ರೆಂಡರ್_ರಾಜಣ್ಣ · ಮಂಗಳವಾರ ಮಧ್ಯಾಹ್ನ 1:40

ಎಲ್ಲ ಮಾಡ್ದೆ. ಓದೋದು 260ರಿಂದ 330. ಅಲ್ಲೇ ನಿಂತಿದೆ. ಸೀನಣ್ಣ ಹೇಳಿದ ಎನ್‌ಕನೆಕ್ಟೂ ಹಾಕ್ನೋಡಿದೆ, ಮೊದ್ಲು 8, 330. 16 ಹಾಕಿದೆ, 330.

---

ಸ್ಪೀಡ್_ಸೀನ · ಮಂಗಳವಾರ ಮಧ್ಯಾಹ್ನ 1:55

ಎನ್‌ಕನೆಕ್ಟ್ ಹಾಕಿದ್ರೂ ಬರ್ಲಿಲ್ವಾ? ನಮ್ಮ ಆಫೀಸಲ್ಲಿ ಡಬಲ್ ಆಗಿತ್ತು ಗುರು.

---

ಕುಡ್ಲ_ಕರ್ನಲ್ · ಮಂಗಳವಾರ ಮಧ್ಯಾಹ್ನ 2:20

ಸೀನಣ್ಣ, ನಿಮ್ಮ ಆಫೀಸಲ್ಲಿ 25 ಗಿಗಾಬಿಟ್ಟೋ 100 ಗಿಗಾಬಿಟ್ಟೋ ಇರ್ಬೇಕು. ಒಂದು ಟಿಸಿಪಿ ಕನೆಕ್ಷನ್ ಅಂದ್ರೆ ನೆಟ್‌ವರ್ಕ್ ಕಾರ್ಡಿನ ಒಂದು ಕ್ಯೂ, ಒಂದು ಕ್ಯೂ ಅಂದ್ರೆ ಒಂದು ಸಿಪಿಯು ಕೋರು. ಲೈನ್ ದೊಡ್ಡದಾದಾಗ ಆ ಒಂದು ಕೋರು ಉಸಿರುಗಟ್ಟುತ್ತದೆ, ಆಗ ಹತ್ತು ಕನೆಕ್ಷನ್ ಮಾಡಿ ಹಂಚಿದ್ರೆ ಲಾಭ. ರಾಜಣ್ಣನ ಮಷಿನಲ್ಲಿ ಐಪರ್ಫ್ ಒಂದೇ ಸ್ಟ್ರೀಮಲ್ಲಿ 9.4 ಕೊಡ್ತಾ ಉಂಟು, ಹಂಚ್ಲಿಕ್ಕೆ ಎಂತದೂ ಇಲ್ಲ. ಎರಡು ಕೇಬಲ್ ಸೇರಿಸಿ ಬಾಂಡ್ ಮಾಡಿದವರಿಗೆ ಇನ್ನೊಂದು ಉಪಯೋಗ ಉಂಟು, ಒಂದೇ ಕನೆಕ್ಷನ್ ಯಾವತ್ತೂ ಒಂದೇ ಕೇಬಲಲ್ಲಿ ಹೋಗುವುದು, ಎನ್‌ಕನೆಕ್ಟ್ ಹಾಕಿ ಹ್ಯಾಶನ್ನು ಲೇಯರ್ 3+4 ಮಾಡಿದ್ರೆ ಎರಡಕ್ಕೂ ಹಂಚಿ ಹೋಗಬಹುದು. ಕರ್ನಲ್ 5.3ರಿಂದ ಉಂಟು, ಗರಿಷ್ಠ 16.

ಮತ್ತೆ ಒಂದು ಎಡವಟ್ಟು. ಒಂದೇ ಸರ್ವರಿನ ಎರಡು ಎಕ್ಸ್‌ಪೋರ್ಟ್ ಮೌಂಟ್ ಮಾಡಿದ್ರೆ ಮೊದಲು ಮೌಂಟ್ ಆದದ್ದರ ಎನ್‌ಕನೆಕ್ಟೇ ಎರಡಕ್ಕೂ. ಒಂದನ್ನು ಬಿಚ್ಚಿ 16 ಹಾಕಿ ಮತ್ತೆ ಮೌಂಟ್ ಮಾಡಿದ್ರೆ ಬದಲಾಗುದಿಲ್ಲ, ಆ ಸರ್ವರಿನದ್ದು ಎಲ್ಲವನ್ನೂ ಬಿಚ್ಚಬೇಕು. ಎಷ್ಟೋ ಜನ ಇದು ಗೊತ್ತಿಲ್ದೆ 8ಕ್ಕೂ 16ಕ್ಕೂ ಏನೂ ವ್ಯತ್ಯಾಸ ಇಲ್ಲ ಅಂತ ಬರೀತಾರೆ.

ಈಗ ವಿಷಯಕ್ಕೆ ಬರುವ. ರಾಜಣ್ಣ, ಓದ್ತಾ ಇರುವಾಗ ಎನ್‌ಎಫ್‌ಎಸ್‌ಐಓಸ್ಟ್ಯಾಟ್ ಹಾಕಿ. ರೀಡ್ ಸಾಲಲ್ಲಿ ಕೆಬಿ ಪರ್ ಆಪ್ ಅಂತ ಒಂದು ಕಾಲಮ್ಮು. ಎಷ್ಟು?

---

ರೆಂಡರ್_ರಾಜಣ್ಣ · ಮಂಗಳವಾರ ಮಧ್ಯಾಹ್ನ 2:38

128. ಕರೆಕ್ಟಾಗಿ 128.

---

ಕುಡ್ಲ_ಕರ್ನಲ್ · ಮಂಗಳವಾರ ಮಧ್ಯಾಹ್ನ 3:05

ಅದೇ ಅಂದ್ಕೊಂಡೆ. ಆರ್‌ಸೈಜ್ 1 ಎಂಬಿ ಅಂತ ಒಪ್ಪಂದ ಆಗಿದೆ, ಆದ್ರೆ ಕ್ಲೈಂಟು ಒಂದು ಸಲಕ್ಕೆ 128 ಕೆಬಿ ಮಾತ್ರ ಕೇಳ್ತಾ ಉಂಟು.

ಹಿಂದೆ ಎನ್‌ಎಫ್‌ಎಸ್ ಕ್ಲೈಂಟು ಮುಂದೆ ಬೇಕಾಗುವುದನ್ನು ಮೊದಲೇ ತರಿಸಿ ಇಡುವ ಲೆಕ್ಕ, ರೀಡ್ ಅಹೆಡ್ ಅಂತ, ಆರ್‌ಸೈಜಿನ 15 ಪಟ್ಟು ಇಡ್ತಿತ್ತು. ಅಂದ್ರೆ 15 ಎಂಬಿ. ಕರ್ನಲ್ 5.4ರಿಂದ ಅದನ್ನು ಬಿಟ್ಟು ಎಲ್ಲರಿಗೂ ಇರುವ ಸಾಮಾನ್ಯ ಡೀಫಾಲ್ಟಿಗೆ ಬಂತು, ಅದು 128 ಕೆಬಿ. ಉಬುಂಟು 22.04ರ ಕರ್ನಲ್ 5.15. ದೊಡ್ಡ ಲಾರಿ ತಂದು ನಿಲ್ಲಿಸಿ ಒಂದೊಂದೇ ಚೀಲ ಹೇರಿ ಕಳಿಸಿದ ಹಾಗೆ ಆಯ್ತು, ಆ ಚೀಲ ಇಳಿದ ಮೇಲೆ ಇನ್ನೊಂದಕ್ಕೆ ಫೋನು. ಬರೆಯುವಾಗ ಈ ತೊಂದರೆ ಇಲ್ಲ, ಕ್ಲೈಂಟಿನ ರ‍್ಯಾಮಲ್ಲಿ ಡೇಟಾ ಆಗಲೇ ಗುಡ್ಡೆ ಬಿದ್ದಿರ್ತದೆ, ಒಂದೊಂದು ಎಂಬಿ ಕಟ್ಟಿ ಸಾಲಾಗಿ ಕಳಿಸ್ತದೆ. ಅದಕ್ಕೇ ನಿಮಗೆ ಬರೆಯುವುದು ಜೋರು, ಓದುವುದು ಮೆಲ್ಲ.

ಮೌಂಟ್‌ಪಾಯಿಂಟ್ ಹೈಫನ್ ಡಿ ಅಂತ ಹಾಕಿ ಮೌಂಟ್ ಜಾಗದ ಹೆಸರು ಕೊಡಿ, 0:53 ತರದ ಒಂದು ನಂಬರು ಬರ್ತದೆ. ಸಿಸ್ ಒಳಗೆ ಕ್ಲಾಸ್, ಅದರ ಒಳಗೆ ಬಿಡಿಐ, ಅದರ ಒಳಗೆ ಆ ನಂಬರಿನ ಫೋಲ್ಡರು, ಅಲ್ಲಿ ರೀಡ್ ಅಹೆಡ್ ಕೆಬಿ ಅಂತ ಫೈಲು. ಅದಕ್ಕೆ 15360 ಬರೆಯಿರಿ. ಮತ್ತೆ ಮೌಂಟ್ ಮಾಡುವ ಅಗತ್ಯವೂ ಇಲ್ಲ, ಆಗಲೇ ಓದಿ ನೋಡಿ. ಮೊದಲು ಓದಿದ ಫೈಲು ಬೇಡ, ಅದು ಕ್ಯಾಶಲ್ಲಿ ಇರ್ತದೆ.

---

ರೆಂಡರ್_ರಾಜಣ್ಣ · ಮಂಗಳವಾರ ಮಧ್ಯಾಹ್ನ 3:22

605 ಎಂಬಿ.

ಇನ್ನೊಂದ್ಸಲ ಬೇರೆ ಫೈಲು: 598.

ಸರ್ವರಿನ ರ‍್ಯಾಮಲ್ಲಿ ಇರೋ ಸಣ್ಣ ಫೈಲು ಓದಿದ್ರೆ 1050!! ನಾಲ್ಕು ಕ್ಯಾಮೆರಾ ಟೈಮ್‌ಲೈನ್ ಮೇಲೆ ಹಾಕ್ದೆ, ನಾಲ್ಕೂ ಓಡ್ತಿದೆ, ಒಂದೂ ತೊದಲ್ತಿಲ್ಲ. ಹೆಂಡ್ತಿನ ಕರೆದು ತೋರಿಸಿದೆ. "ಮೊದ್ಲೂ ಹಿಂಗೇ ಇತ್ತಲ್ಲ" ಅಂದ್ಲು.

---

ಧಾರವಾಡ_ಪೇಡ_64 · ಮಂಗಳವಾರ ಸಂಜೆ 4:00

ಹೆಂಡತಿ ಬೆಂಚ್‌ಮಾರ್ಕ್ ಭಾಳ ಕಠಿಣ ಐತಿ ನೋಡ್ರಿ 😄

ಒಂದ್ ಮಾತ್ ನೆನಪಿಟ್ಕೋರಿ, ಆ 0:53 ನಂಬರ್ ಪ್ರತಿ ಸಲ ಮೌಂಟ್ ಮಾಡಿದಾಗ ಬದಲಾಗ್ತತಿ, ಮಷಿನ್ ರೀಸ್ಟಾರ್ಟ್ ಆದ್ರ ನಿಮ್ಮ 15360 ಹೋಗಿ ಮತ್ತ 128ಕ್ಕ ಬಂದು ನಿಂತಿರ್ತತಿ. ಯುಡೆವ್ ರೂಲ್ (ಮೌಂಟ್ ಆದಕೂಡ್ಲೆ ಲಿನಕ್ಸ್ ತಾನ ಓಡಸೋ ನಿಯಮ) ಬರದು ಇಡ್ರಿ. ಹೊಸ ಎನ್‌ಎಫ್‌ಎಸ್ ಯುಟಿಲ್ಸ್ ಒಳಗ ಎನ್‌ಎಫ್‌ಎಸ್‌ರಾಹೆಡ್ ಅಂತ ಇದಕ್ಕೇ ಮಾಡಿದ್ದು ಒಂದ್ ಸಣ್ಣ ಟೂಲ್ ಐತಿ, ನಿಮ್ಮ ಕಡೆ ಇಲ್ಲಂದ್ರ ಮೌಂಟ್ ಆದ ಮ್ಯಾಲೆ ಓಡೋ ಎರಡು ಸಾಲಿನ ಸ್ಕ್ರಿಪ್ಟ್ ಸಾಕು.

---

ಸರ್ವರ್_ಸುಬ್ಬಕ್ಕ · ಮಂಗಳವಾರ ಸಂಜೆ 5:15

15 ಎಂಬಿ ಎಲ್ಲಾ ಕಡೆಗೂ ಒಳ್ಳೇದಲ್ಲ ಅಂತ ಒಂದು ಮಾತು ಸೇರಿಸ್ತೀನಿ, ಆಮೇಲೆ ಯಾರೋ ಡೇಟಾಬೇಸ್ ಇರೋ ಮೌಂಟಿಗೆ ಹಾಕಿ ಬೈಯ್ತಾರೆ. ವಿಡಿಯೋ ಅಂದ್ರೆ ಮೊದಲಿಂದ ಕೊನೆ ತನಕ ಸಾಲಾಗಿ ಓದೋದು, ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಹಾರ್ಡ್‌ಡಿಸ್ಕಿಗೂ ಒಳ್ಳೇದು, ನಾಲ್ಕು ಫೈಲಿಗೆ 128 ಕೆಬಿಗೊಂದ್ಸಲ ಹೆಡ್ಡು ಆಕಡೆ ಈಕಡೆ ಹಾರೋ ಬದ್ಲು ಒಂದು ಕಡೆ ಕೂತು ಜಾಸ್ತಿ ಓದತ್ತೆ. ಅಲ್ಲಲ್ಲಿ ಚೂರು ಚೂರು ಓದೋ ಕೆಲಸಕ್ಕೆ ಅದು ಬರೀ ವೇಸ್ಟು.

---

ಸ್ಪೀಡ್_ಸೀನ · ಮಂಗಳವಾರ ರಾತ್ರಿ 9:30

ಸರಿ ಒಪ್ಕೊಂಡೆ. ಈಗ ಜಂಬೋ ಫ್ರೇಮ್, ಅಂದ್ರೆ ಎಂಟಿಯು 9000, ಹಾಕಿದ್ರೆ 9.41 ಹೋಗಿ 9.9 ಆಗತ್ತೆ, ಇದಂತೂ ಸುಳ್ಳಲ್ಲ ತಾನೆ?

---

ರೆಂಡರ್_ರಾಜಣ್ಣ · ಮಂಗಳವಾರ ರಾತ್ರಿ 11:50

ಸೀನಣ್ಣನ ಮಾತು ಕೇಳಿ ಹುಮ್ಮಸ್ಸಲ್ಲಿ ಸರ್ವರ್ರು, ಒಂದು ಎಡಿಟಿಂಗ್ ಮಷಿನ್ನು ಎರಡಕ್ಕೂ 9000 ಹಾಕ್ದೆ. ಮೌಂಟ್ ಆಯ್ತು. ಫೋಲ್ಡರ್ ಓಪನ್ ಆಯ್ತು, ಆರೇ ಫೈಲಿತ್ತು. ಇನ್ನೊಂದು ಫೋಲ್ಡರ್, ಅದ್ರಲ್ಲಿ ಸಾವಿರ ಫೈಲಿದೆ, ಎಲ್‌ಎಸ್ ಕೊಟ್ಟೆ, ಕರ್ಸರ್ ಮಿಣುಕ್ತಾ ಕೂತಿದೆ. ಕಂಟ್ರೋಲ್ ಸಿ ಒತ್ತಿದ್ರೂ ಬರ್ತಿಲ್ಲ. ಪಿಂಗ್ ಆರಾಮಾಗಿ ಹೋಗ್ತಿದೆ! ಎಲ್ಲ ಹಾಳು ಮಾಡ್ಕೊಂಡ್ನಾ?

---

ಧಾರವಾಡ_ಪೇಡ_64 · ಬುಧವಾರ ಬೆಳಿಗ್ಗೆ 6:45

ಏನೂ ಹಾಳಾಗಿಲ್ಲ, ಗಾಬರಿ ಆಗಬ್ಯಾಡ್ರಿ. ಎರಡೂ ತುದಿ 9000, ನಡುವ ಸ್ವಿಚ್ಚು 1500. ಸಣ್ಣ ಪ್ಯಾಕೆಟ್ ಸರಾಗ ಹೋಗ್ತಾವ, ದೊಡ್ಡ ಪ್ಯಾಕೆಟ್ಟನ್ನ ಸ್ವಿಚ್ಚು ಒಂದ್ ಮಾತೂ ಹೇಳ್ದ ಎಸೀತತಿ. ಅದಕ್ಕ ಆರು ಫೈಲಿನ ಫೋಲ್ಡರ್ ಬಂತು, ಸಾವಿರ ಫೈಲಿಂದು ಬರ್ಲಿಲ್ಲ. ಸುಮ್ಮನ ಪಿಂಗ್ ಮಾಡಿದ್ರ ಇದು ಗೊತ್ತಾಗಂಗಿಲ್ಲ, ಪಿಂಗಿಗೆ ಸೈಜ್ 8972 ಕೊಟ್ಟು, ತುಂಡು ಮಾಡಬ್ಯಾಡ ಅನ್ನೋ ಆಪ್ಷನ್ ಹಾಕಿ ಕಳಸ್ರಿ. 9000ದಾಗ ಐಪಿ ಹೆಡರ್ 20, ಪಿಂಗಿನ ಹೆಡರ್ 8 ಕಳದ್ರ 8972. ಅದು ಹೋಗಿ ಬಂದ್ರಷ್ಟ ಜಂಬೋ ಸರಿ ಐತಿ ಅಂತ ತಿಳ್ಕೋರಿ. ಸ್ವಿಚ್ಚಿನ ಸೆಟ್ಟಿಂಗದಾಗ 9216 ಇಡ್ರಿ.

---

ಸರ್ವರ್_ಸುಬ್ಬಕ್ಕ · ಬುಧವಾರ ಬೆಳಿಗ್ಗೆ 7:30

ಅಥವಾ 1500ಕ್ಕೆ ವಾಪಸ್ ಬಂದು ನೆಮ್ಮದಿಯಾಗಿರಿ. ನಿಮ್ಮ ಡಿಸ್ಕೇ 620ಕ್ಕೆ ನಿಲ್ಲತ್ತೆ, ವೈರಲ್ಲಿ ಈಗ್ಲೇ 1170 ತನಕ ಜಾಗ ಇದೆ. ಅದನ್ನ 1235 ಮಾಡಿ ಯಾರಿಗೆ ಕೊಡ್ತೀರಿ? ಇವತ್ತಿನ ಕಾರ್ಡುಗಳು ಪ್ಯಾಕೆಟ್ ತುಂಡು ಮಾಡೋದು ಜೋಡ್ಸೋದು ತಾವೇ ಮಾಡ್ಕೊಳ್ತವೆ, ಸಿಪಿಯುಗೂ ಮೊದಲಿನಷ್ಟು ಲಾಭ ಇಲ್ಲ. ನಾಳೆ ಅದೇ ಸ್ವಿಚ್ಚಿಗೆ ಇನ್ನೊಂದು ಏನೋ ಸಿಕ್ಕಿಸ್ತೀರಿ, ಮತ್ತೆ ಕರ್ಸರ್ ಮಿಣುಕತ್ತೆ.

---

ರೆಂಡರ್_ರಾಜಣ್ಣ · ಬುಧವಾರ ಬೆಳಿಗ್ಗೆ 8:02

1500ಕ್ಕೆ ವಾಪಸ್. 🙏

---

ಹೊಸಬ_2023 · ಬುಧವಾರ ಬೆಳಿಗ್ಗೆ 11:20

ಎಲ್ಲರೂ ಫ್ರೀ ಆಗಿದೀರಾ? ನನ್ನ ಪ್ರಶ್ನೆ. ನಂದು ಫೋಟೋ. ಒಂದು ಫಂಕ್ಷನ್ನಿಗೆ ಹನ್ನೆರಡು ಸಾವಿರ ಫೈಲು ಆಗತ್ತೆ, ಜೆಪೆಗ್ಗು, ಅದ್ರ ಜೊತೆ ಎಡಿಟ್ ಮಾಹಿತಿ ಇರೋ ಪುಟಾಣಿ ಎಕ್ಸ್‌ಎಂಪಿ ಫೈಲು. 10ಜಿ ಲೈನು, ಐಪರ್ಫ್ 9.4, ದೊಡ್ಡ ಫೈಲ್ ಕಾಪಿ ಮಾಡಿದ್ರೆ 500 ಬರತ್ತೆ, ಈ ಫೋಟೋ ಫೋಲ್ಡರ್ ಮಾತ್ರ 6 ಎಂಬಿ, ಕೆಲವೊಮ್ಮೆ 4. ಒಂದು ಗಿಗಾಬಿಟ್ ಇದ್ದಾಗ್ಲೂ ಇಷ್ಟೇ ಇತ್ತು. ನಾಲ್ಕು ಡಿಸ್ಕು, ಜೆಡ್‌ಎಫ್‌ಎಸ್ಸು.

---

ಸ್ಪೀಡ್_ಸೀನ · ಬುಧವಾರ ಬೆಳಿಗ್ಗೆ 11:31

ಇದಕ್ಕಾದ್ರೂ ಎಸಿಂಕ್ ಒಪ್ಕೊಳ್ರಪ್ಪ. ಎಕ್ಸ್‌ಪೋರ್ಟಲ್ಲಿ ಸಿಂಕ್ ತೆಗೆದು ಎಸಿಂಕ್ ಹಾಕು, ಹತ್ತು ಪಟ್ಟು ಆಗತ್ತೆ. ನಾನೇ ಮಾಡಿದೀನಿ.

---

ಧಾರವಾಡ_ಪೇಡ_64 · ಬುಧವಾರ ಮಧ್ಯಾಹ್ನ 12:10

ಆಗ್ತತಿ ಸೀನಣ್ಣ, ಹತ್ತು ಪಟ್ಟು ಆಗ್ತತಿ, ನಾನೂ ಮಾಡಿದ್ದೆ. ಕೇಳ್ರಿ ಏನಾತು ಅಂತ.

ನಂದೂ ಮದುವಿ ವಿಡಿಯೋದ್ದ ಕೆಲಸ. ಸರ್ವರ್ ಎಕ್ಸ್ಟ್4 ಫೈಲ್‌ಸಿಸ್ಟಮ್ ಮ್ಯಾಲೆ, ಎಕ್ಸ್‌ಪೋರ್ಟ್ ಎಸಿಂಕ್. ಯುಪಿಎಸ್ ಎಡಿಟಿಂಗ್ ಮಷಿನಿಗೆ ಇತ್ತು, ಸರ್ವರಿಗೆ ಇರ್ಲಿಲ್ಲ, ನಾಳೆ ತರೋಣ ನಾಳೆ ತರೋಣ ಅಂತ ಬಿಟ್ಟಿದ್ದೆ. ಕ್ಯಾಮೆರಾದ ಕಾರ್ಡ್ ಹಾಕಿ ಕಾಪಿ ಕೊಟ್ಟೆ, ಪಟ್ಟಂತ ಮುಗೀತು, ಕಾರ್ಡ್ ತಗದು ಕ್ಯಾಮೆರಾಕ್ಕ ಹಾಕಿ ಫಾರ್ಮ್ಯಾಟ್ ಒತ್ತಿದೆ, ಇನ್ನೊಂದು ಫಂಕ್ಷನ್ನಿಗೆ ಓಡೋದಿತ್ತು. ಅಷ್ಟರಾಗ ಕರೆಂಟ್ ಹೋತು. ಕಾಪಿ ಮುಗದು ಇಪ್ಪತ್ತು ಸೆಕೆಂಡ್ ಸೈತ ಆಗಿರ್ಲಿಲ್ಲ. ಬಂದ ಮ್ಯಾಲೆ ನೋಡಿದ್ರ ಕಡೀದ ಮೂರು ಕ್ಲಿಪ್ಪು ಸೊನ್ನೆ ಬೈಟ್. ಅದ್ರಾಗ ಒಂದು ತಾಳಿ ಕಟ್ಟೋದು.

ಕ್ಯಾಮೆರಾದ ಫಾರ್ಮ್ಯಾಟ್ ಪೂರ್ತಿ ಅಳಸಿರ್ಲಿಲ್ಲ ಅಂತ ಬಚಾವಾದೆ, ಫೋಟೋರೆಕ್ ಹಾಕಿ ಕಾರ್ಡಿಂದ ತಗದೆ, ಹೆಸರಿಲ್ಲದ ನೂರಾರು ಫೈಲಿನ ನಡುವ ಎರಡು ರಾತ್ರಿ ಕೂತು ಹುಡುಕಿದೆ. ಮದುಮಗಳ ಅಪ್ಪಗ ಇವತ್ತಿಗೂ ಗೊತ್ತಿಲ್ಲ.

---

ಕುಡ್ಲ_ಕರ್ನಲ್ · ಬುಧವಾರ ಮಧ್ಯಾಹ್ನ 12:45

ಅಯ್ಯಯ್ಯೋ ದೇವರೇ.

ಇದರಲ್ಲಿ ಬೇಸರದ ವಿಷಯ ಎಂತ ಗೊತ್ತುಂಟಾ, ಸಿಂಕ್ ಇದ್ದಿದ್ರೆ ಇದನ್ನು ಎನ್‌ಎಫ್‌ಎಸ್ ತಾನೇ ಸರಿ ಮಾಡ್ಕೊಳ್ತಿತ್ತು. 1995ರಲ್ಲಿ ಬಂದ ವರ್ಷನ್ 3ರಿಂದಲೇ ಇದಕ್ಕೆ ಒಂದು ಚಂದದ ವ್ಯವಸ್ಥೆ ಉಂಟು. ಕ್ಲೈಂಟು ಡೇಟಾ ಕಳಿಸ್ತದೆ, ಸರ್ವರು ಸಿಕ್ಕಿತು ಅಂತ ಹೇಳ್ತದೆ, ಡಿಸ್ಕಿಗೆ ಹೋಗಿದೆ ಅಂತ ಹೇಳುದಿಲ್ಲ. ಕ್ಲೈಂಟು ತನ್ನ ಕಾಪಿ ಇಟ್ಕೊಂಡೇ ಇರ್ತದೆ. ಆಮೇಲೆ ಕಮಿಟ್ ಅಂತ ಕಳಿಸ್ತದೆ, ಆಗ ಸರ್ವರು ಡಿಸ್ಕಿಗೆ ಬರೆದೇ ಉತ್ತರ ಕೊಡಬೇಕು. ಪ್ರತಿ ಉತ್ತರದ ಜೊತೆ ಸರ್ವರು ಒಂದು ಗುರುತಿನ ನಂಬರು ಕಳಿಸ್ತದೆ, ಅದು ಸರ್ವರು ರೀಸ್ಟಾರ್ಟ್ ಆದ್ರೆ ಬದಲಾಗ್ತದೆ. ನಂಬರು ಬದಲಾದದ್ದು ಕಂಡ್ರೆ ಕ್ಲೈಂಟಿಗೆ ಗೊತ್ತಾಗ್ತದೆ, ಓ ಇವನು ಮಧ್ಯದಲ್ಲಿ ಬಿದ್ದು ಎದ್ದಿದ್ದಾನೆ ಅಂತ, ಕಮಿಟ್ ಆಗದ್ದನ್ನು ಪುನಃ ಕಳಿಸ್ತದೆ. ಎಸಿಂಕ್ ಹಾಕಿದ್ರೆ ಸರ್ವರು ಕಮಿಟಿಗೂ ಸುಳ್ಳೇ ಹೇಳ್ತದೆ, ಬರೆದಾಯ್ತು ಅಂತ. ಕ್ಲೈಂಟು ನಂಬಿ ತನ್ನ ಕಾಪಿ ಬಿಸಾಡ್ತದೆ. ಜೆಡ್‌ಎಫ್‌ಎಸ್‌ನಲ್ಲಿ ಸಿಂಕ್ ಡಿಸೇಬಲ್ಡ್ ಮಾಡುವುದೂ ಇದೇ ಸುಳ್ಳಿನ ಇನ್ನೊಂದು ಹೆಸರು.

---

ಸರ್ವರ್_ಸುಬ್ಬಕ್ಕ · ಬುಧವಾರ ಮಧ್ಯಾಹ್ನ 1:30

ಹೊಸಬ, ನಿಮ್ಮ 6 ಎಂಬಿ ಎಲ್ಲಿಂದ ಬಂತು ನೋಡಿ. ಒಂದು ಸಣ್ಣ ಫೈಲ್ ಬರೀಬೇಕಾದ್ರೆ ಹುಡುಕು, ಓಪನ್ ಮಾಡು, ಬರಿ, ಕಮಿಟ್ ಮಾಡು, ಕ್ಲೋಸ್ ಮಾಡು, ಪ್ರತಿಯೊಂದಕ್ಕೂ ಸರ್ವರ್ ತನಕ ಹೋಗಿ ಬರ್ಬೇಕು, ಒಂದು ಮುಗೀದೆ ಇನ್ನೊಂದಿಲ್ಲ. ಅದ್ರಲ್ಲಿ ಕಮಿಟ್ ಅಂದ್ರೆ ತಿರುಗೋ ಡಿಸ್ಕಿಗೆ ಬರೆದಾಗೋ ತನಕ ಕಾಯೋದು. 7200 ಆರ್‌ಪಿಎಂ ಡಿಸ್ಕು ಒಂದು ಸುತ್ತು ಹಾಕೋಕೆ 8.3 ಮಿಲಿಸೆಕೆಂಡು, ಹೆಡ್ಡು ಜಾಗಕ್ಕೆ ಹೋಗೋ ಟೈಮು ಬೇರೆ. ಒಂದು ಫೈಲಿಗೆ 20, 30 ಮಿಲಿಸೆಕೆಂಡ್ ಅಂದ್ರೆ ಸೆಕೆಂಡಿಗೆ ಮೂವತ್ತೋ ಐವತ್ತೋ ಫೈಲು. ಅದ್ರಲ್ಲಿ ಅರ್ಧ ಪುಟಾಣಿ ಎಕ್ಸ್‌ಎಂಪಿ ಬೇರೆ. ಈ ಲೆಕ್ಕದಲ್ಲಿ ವೈರಿನ ಅಗಲ ಎಲ್ಲೂ ಬರ್ಲಿಲ್ಲ ನೋಡಿ, ಅದಕ್ಕೇ 10ಜಿ ಹಾಕಿದ್ರೂ ಒಂದೇ, ಬಿಟ್ರೂ ಒಂದೇ.

ಎರಡು ದಾರಿ ಇದೆ. ದುಡ್ಡು ಖರ್ಚಿಲ್ಲದ ದಾರಿ: ಫೋಲ್ಡರನ್ನ ಟಾರ್ ಮಾಡಿ (ಎಲ್ಲ ಫೈಲೂ ಒಂದೇ ಗಂಟು ಕಟ್ಟಿ) ಎಸ್‌ಎಸ್‌ಎಚ್ ಪೈಪಲ್ಲಿ ಕಳಿಸಿ ಸರ್ವರಲ್ಲೇ ಬಿಚ್ಚಿ. ಆಗ ಎನ್‌ಎಫ್‌ಎಸ್ ಮಧ್ಯ ಬರೋದೇ ಇಲ್ಲ. ಬಿಚ್ಚಿದ ಮೇಲೆ ಒಂದ್ಸಲ ಸಿಂಕ್ ಅಂತ ಕಮಾಂಡ್ ಕೊಟ್ಟು, ಅದು ಮುಗಿದ್ಮೇಲೆ ಕಾರ್ಡ್ ಮುಟ್ಟಿ. ದುಡ್ಡಿನ ದಾರಿ: ಜೆಡ್‌ಎಫ್‌ಎಸ್‌ಗೆ ಸ್ಲಾಗ್ ಅಂತ ಬೇರೆ ಎಸ್‌ಎಸ್‌ಡಿ. ಕಮಿಟ್ ಬಂದಾಗ ಅಲ್ಲಿ ಬರೆದು ಉತ್ತರ ಕೊಡತ್ತೆ, ನಿಧಾನಕ್ಕೆ ಡಿಸ್ಕಿಗೆ ಇಳಿಸತ್ತೆ. ದೊಡ್ಡದು ಬೇಡ, ಜೆಡ್‌ಎಫ್‌ಎಸ್ ಸುಮಾರು ಐದು ಸೆಕೆಂಡಿಗೊಂದ್ಸಲ ಡಿಸ್ಕಿಗೆ ಇಳಿಸತ್ತೆ, 10 ಗಿಗಾಬಿಟ್ ಲೈನಲ್ಲಿ ಐದು ಸೆಕೆಂಡಿಗೆ 6 ಜಿಬಿ, ಡಬಲ್ ಮಾಡಿದ್ರೂ 12, 16 ಜಿಬಿ ಧಾರಾಳ ಆಯ್ತು. ಆದ್ರೆ ಕರೆಂಟ್ ಹೋದಾಗ ಒಳಗಿರೋದನ್ನ ಬರೆದು ಮುಗಿಸೋಕೆ ಕೆಪಾಸಿಟರ್ ಇರೋ ಡೇಟಾಸೆಂಟರ್ ಎಸ್‌ಎಸ್‌ಡಿನೇ ಬೇಕು. ಸಾಮಾನ್ಯ ಎಸ್‌ಎಸ್‌ಡಿ ಹಾಕಿದ್ರೆ ಸಿಂಕ್ ಬರೆಯೋದ್ರಲ್ಲಿ ಅದೂ ಏದುಸಿರು ಬಿಡತ್ತೆ. ಎಸ್‌ಪಿ ರೋಡಲ್ಲಿ ಕೇಳಿ ನೋಡಿ, ಬಳಸಿದ್ದು ಆದ್ರೆ ಸ್ಮಾರ್ಟ್ ರಿಪೋರ್ಟಲ್ಲಿ ಎಷ್ಟು ಸವೆದಿದೆ ನೋಡಿ ತಗೊಳ್ಳಿ.

---

ಸ್ಪೀಡ್_ಸೀನ · ಬುಧವಾರ ಮಧ್ಯಾಹ್ನ 2:05

ತಾಳಿ ಕಥೆ ಓದಿ ಈಗ ತಾನೆ ಆಫೀಸ್ ಸರ್ವರಲ್ಲಿ ಎಸಿಂಕ್ ತೆಗೆದೆ. ಯಾರಿಗೂ ಹೇಳಿಲ್ಲ. ಸ್ಲೋ ಆಯ್ತು ಅಂತ ಆಗ್ಲೇ ಇಬ್ರು ಮೆಸೇಜ್ ಮಾಡಿದಾರೆ.

---

ಫ್ರಾಂಕ್‌ಫರ್ಟ್_ಫಿಲ್ಟರ್‌ಕಾಫಿ · ಬುಧವಾರ ಸಂಜೆ 6:40

ತಡವಾಗಿ ಬಂದೆ. ನಾನು ಜರ್ಮನಿಲಿ ಇದೀನಿ, ಬೆಂಗಳೂರಿನ ಮನೆ ನ್ಯಾಸನ್ನ (ಫೈಲ್ ಸರ್ವರು) ವಿಪಿಎನ್ ಮೇಲೆ ಎನ್‌ಎಫ್‌ಎಸ್ ಮೌಂಟ್ ಮಾಡ್ಕೊಂಡಿದೀನಿ, ಅಪ್ಪ ಅಮ್ಮನ ಫೋಟೋ ಎಲ್ಲ ಅಲ್ಲಿದೆ. ಪಿಂಗ್ 150. ಫೋಲ್ಡರ್ ಓಪನ್ ಮಾಡಿ ಕಾಫಿ ಮಾಡ್ಕೊಂಡು ಬರ್ಬೋದು. ಸೀನ ಅವರ ಸಿಸ್‌ಕಂಟ್ರೋಲ್ ನನಗೆ ಆಗತ್ತಾ?

---

ಸರ್ವರ್_ಸುಬ್ಬಕ್ಕ · ಬುಧವಾರ ಸಂಜೆ 7:15

ಆ ಬಫರ್ ರೆಸಿಪಿ ಹುಟ್ಟಿದ್ದೇ ನಿಮ್ಮಂಥ ದೂರಕ್ಕೆ. ಆದ್ರೆ ಅದು ಸಹಾಯ ಮಾಡೋದು ಒಂದು ದೊಡ್ಡ ಫೈಲ್ ಎಳೆಯೋವಾಗ, ಅದೂ ಎರಡೂ ಕಡೆ ಲೈನ್ ದೊಡ್ಡದಿದ್ರೆ. ನಿಮ್ಮದು ಫೋಲ್ಡರ್ ತೆರೆಯೋ ಕಾಟ. ಸೀನನ ಆಫೀಸಲ್ಲಿ 0.2 ಮಿಲಿಸೆಕೆಂಡಿಗೆ ಬರೋ ಉತ್ತರ ನಿಮಗೆ 150 ಮಿಲಿಸೆಕೆಂಡು, ಫೋಟೋ ಸಾಫ್ಟ್‌ವೇರು ಥಂಬ್‌ನೇಲಿಗೆ ಒಂದೊಂದು ಫೈಲೂ ತೆರೆದು ನೋಡತ್ತೆ. ಯಾವ ಬಫರೂ ಆ ದೂರ ಕಮ್ಮಿ ಮಾಡಲ್ಲ. ಸಿಂಕ್‌ಥಿಂಗೋ ಆರ್‌ಸಿಂಕೋ ಹಾಕಿ ಒಂದು ಕಾಪಿ ಅಲ್ಲೇ ಇಟ್ಕೊಳ್ಳಿ. ಅಪ್ಪ ಅಮ್ಮನ ಫೋಟೋಗೆ ಎರಡನೇ ಊರಲ್ಲಿ ಬ್ಯಾಕಪ್ಪೂ ಆಯ್ತು.

---

ಫ್ರಾಂಕ್‌ಫರ್ಟ್_ಫಿಲ್ಟರ್‌ಕಾಫಿ · ಬುಧವಾರ ಸಂಜೆ 7:21

ಥ್ಯಾಂಕ್ಸ್ ಅಕ್ಕ, ವೀಕೆಂಡಲ್ಲಿ ಮಾಡ್ತೀನಿ.

---

ರೆಂಡರ್_ರಾಜಣ್ಣ · ಗುರುವಾರ ರಾತ್ರಿ 10:30

ಅಪ್‌ಡೇಟ್. ಯುಡೆವ್ ರೂಲ್ ಹಾಕಿ ರೀಸ್ಟಾರ್ಟ್ ಮಾಡ್ದೆ, 15360 ಹಾಗೇ ಇದೆ. ಸರ್ವರಿಗೂ ಯುಪಿಎಸ್ ತಂದೆ, ಪೇಡಣ್ಣನ ಕಥೆ ಓದಿದ್ಮೇಲೆ ಇನ್ನು ತಡ ಮಾಡೋ ಧೈರ್ಯ ಇಲ್ಲ. ಇನ್ನೊಂದು, ನೆಟ್‌ವರ್ಕ್ ಕಾರ್ಡಿನ ಹೀಟ್‌ಸಿಂಕ್ ಮುಟ್ಟಿದ್ರೆ ಕೈ ಸುಡ್ತಿತ್ತು, ಇದು ಗಾಳಿ ಜೋರಾಗಿ ಬೀಸೋ ರ‍್ಯಾಕಿಗೆ ಮಾಡಿದ್ದಂತೆ, ಒಂದು ಸಣ್ಣ ಫ್ಯಾನನ್ನ ಜಿಪ್ ಟೈಲಿ ಕಟ್ಟಿ ಅದ್ರ ಕಡೆ ತಿರುಗಿಸಿದೀನಿ. ನೋಡೋಕೆ ಅಸಹ್ಯ, ಆದ್ರೆ ತಣ್ಣಗಿದೆ.

ಕಿತ್ತ ಗ್ರಾಫಿಕ್ಸ್ ಕಾರ್ಡ್ ಯಾರಿಗಾದ್ರೂ ಬೇಕಾ? ಫ್ರೀ. ಮೈಸೂರಲ್ಲಿ ಬಂದು ತಗೊಂಡು ಹೋಗ್ಬೇಕು.

---

ಹೊಸಬ_2023 · ಗುರುವಾರ ರಾತ್ರಿ 10:48

ಟಾರ್ ಮಾಡಿ ಕಳಿಸ್ದೆ ಅಕ್ಕ, ಮೊದಲಿಗಿಂತ ಎಷ್ಟೋ ಬೇಗ ಮುಗೀತು. ಹಾಗೇ ಕುತೂಹಲಕ್ಕೆ ನನ್ನ ಸರ್ವರಲ್ಲೂ ಎಲ್‌ಎಸ್‌ಪಿಸಿಐ ನೋಡಿದೆ, ನಂದೂ ಇದೇ ಕಾರ್ಡು, ಎಕ್ಸ್8 ಬದಲು ಎಕ್ಸ್4 ಅಂತ ಇದೆ. ಡೌನ್‌ಗ್ರೇಡೆಡ್ ಅಂತಾನೂ ಇದೆ. ಬಿಚ್ಚಲಾ?

---

ಕುಡ್ಲ_ಕರ್ನಲ್ · ಗುರುವಾರ ರಾತ್ರಿ 11:02

ಬೇಡ ಮಾರಾಯ್ರೆ. ಎಕ್ಸ್4 ಅಂದ್ರೆ 2 ಜಿಬಿ, ಒಂದು ಪೋರ್ಟಿಗೆ 1.25 ಸಾಕು. ಎರಡೂ ಪೋರ್ಟಿಗೆ ಕೇಬಲ್ ಹಾಕಿ ಒಟ್ಟಿಗೆ ತುಂಬಿಸುವ ದಿನ ಬಂದ್ರೆ ಆವಾಗ ಬಿಚ್ಚುವ. ಈಗ ಮಲಗಿ.